ಗುರ್ನಾದ ಮಣ್ಣಿನ ಮನೆಗಳು ಹೇಳುವ ಪಾಠ

ಮನೆಗೆ ಗೋಡೆ ಕಟ್ಟುವುದು ಸುಲಭ, ಕಷ್ಟವಿರುವುದು ಸೂರಿನಲ್ಲಿ. ಈಜಿಪ್ಟಿನ ರೈತನಿಗೆ ಮಣ್ಣು ಪುಕ್ಕಟೆ ಸಿಗುತ್ತದೆ. ಆದರೆ ಚಾವಣಿಗೆ ಬೇಕಾದ ಮರ ಆ ಮರುಭೂಮಿಯಲ್ಲಿ ದುಬಾರಿ. ಎರಡನೇ ಮಹಾಯುದ್ಧದ ಕಾಲದಲ್ಲಂತೂ ಮರ, ಉಕ್ಕು ಎರಡಕ್ಕೂ ಬರ. ಇದಕ್ಕೆ ಪರಿಹಾರ ಹುಡುಕಿ ಹೊರಟವರು ವಾಸ್ತುಶಿಲ್ಪಿ ಹಸನ್ ಫತ್ಹಿ (1900–1989).

ಉತ್ತರ ಸಿಕ್ಕಿದ್ದು ಆಸ್ವಾನ್ ಬಳಿಯ ನೂಬಿಯಾದ ಗಾರೆ ಕೆಲಸದವರಲ್ಲಿ. ಅವರು ಮಣ್ಣಿನ ಇಟ್ಟಿಗೆಯಿಂದಲೇ ಕಮಾನು ಚಾವಣಿ ಕಟ್ಟುತ್ತಿದ್ದರು. ಅಡಿಯಲ್ಲಿ ಮರದ ಆಸರೆಯೇ ಇಲ್ಲ! ಗುಟ್ಟು ಇಷ್ಟೇ: ಮೊದಲ ಸಾಲನ್ನು ಹಿಂಬದಿಯ ಗೋಡೆಗೆ ಒರಗಿಸುತ್ತಾರೆ. ಮುಂದಿನ ಸಾಲುಗಳು ಅದೇ ಓರೆಯಲ್ಲಿ ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ಇಟ್ಟಿಗೆ ಹಗುರವಾಗಲೆಂದು ಮಣ್ಣಿಗೆ ಹುಲ್ಲು ಹೆಚ್ಚು ಬೆರೆಸುತ್ತಾರೆ.

ಈ ವಿದ್ಯೆಗೆ ದೊಡ್ಡ ಪರೀಕ್ಷೆ ಬಂದದ್ದು 1946ರಲ್ಲಿ. ಲಕ್ಸರ್ ಎದುರಿನ ಗುರ್ನಾ ಊರಿನವರು ಪುರಾತನ ಗೋರಿಗಳ ಮೇಲೆಯೇ ವಾಸವಾಗಿದ್ದರು. ಗೋರಿಗಳ ಲೂಟಿ ತಡೆಯಲು ಸರ್ಕಾರ ಸುಮಾರು ಏಳು ಸಾವಿರ ಜನರನ್ನು ಸ್ಥಳಾಂತರಿಸಲು ನಿರ್ಧರಿಸಿ, ಹೊಸ ಊರು ಕಟ್ಟುವ ಹೊಣೆಯನ್ನು ಫತ್ಹಿಯವರಿಗೆ ವಹಿಸಿತು.

ಅವರು ಹಳೆಯ ಕೈರೋದ ಮನೆಗಳಿಂದ ಪಾಠ ಕಲಿತರು. ಬಾಗಿಲಿನಲ್ಲಿ ನಿಂತವರಿಗೆ ಒಳಮನೆ ಕಾಣದಂತೆ ತಿರುವಿನ ಪ್ರವೇಶ, ನಮ್ಮ ತೊಟ್ಟಿ ಮನೆಯನ್ನು ನೆನಪಿಸುವ ಒಳ ಅಂಗಳ, ನೆಂಟರಿಷ್ಟರ ಮನೆಗಳ ಗುಂಪಿಗೆ ಒಂದೊಂದು ಹಂಚಿಕೆಯ ಚೌಕ. ದಪ್ಪ ಮಣ್ಣಿನ ಗೋಡೆಗಳು ಹಗಲಿನ ಬಿಸಿಯನ್ನು ಒಳಗೆ ಬಿಡಲು ತಡಮಾಡುತ್ತವೆ. ಶಾಲೆಯಲ್ಲಿ ಗಾಳಿಗೋಪುರವಿಟ್ಟು, ಒಳಬರುವ ಗಾಳಿಯನ್ನು ಒದ್ದೆ ಇದ್ದಿಲಿನ ಮೂಲಕ ಹಾಯಿಸಿ ತಂಪು ಮಾಡಿದರು. ಮಸೀದಿ, ಮಾರುಕಟ್ಟೆ, ರಂಗಮಂದಿರ ಎಲ್ಲವೂ ಎದ್ದವು.

ಆದರೆ ಗುರ್ನಾದವರು ಬರಲೊಪ್ಪಲಿಲ್ಲ! ಪ್ರವಾಸಿಗರಿಂದ ಸಿಗುವ ಸಂಪಾದನೆ ಹಳೆಯ ಊರಿನಲ್ಲಿತ್ತು. ಗುಮ್ಮಟವೆಂದರೆ ಗೋರಿಯ ನೆನಪು ಎಂಬ ಆಕ್ಷೇಪವೂ ಕೇಳಿಬಂತು. ಸರ್ಕಾರಿ ಕಚೇರಿಗಳ ವಿಳಂಬವೂ ಸೇರಿ ಯೋಜನೆ ಅರ್ಧಕ್ಕೇ ನಿಂತಿತು. ಆಮೇಲೆ ಅಲ್ಲಿ ನೆಲೆಸಿದವರ ಕಾಲದಲ್ಲಿ ಹಲವು ಮನೆಗಳು ಹಾಳಾದವು, ಕೆಲವೆಡೆ ಕಾಂಕ್ರೀಟು ಬಂತು. ಬೆಟ್ಟದ ಮೇಲಿನ ಹಳೆಯ ಮನೆಗಳನ್ನು ಕೆಡವುವ ಕೆಲಸ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 2006ರ ಕೊನೆಯಲ್ಲಿ.

ಹಾಗಾದರೆ ಫತ್ಹಿ ಸೋತರೇ? ಗುರ್ನಾದ ಅನುಭವವನ್ನು ಅವರು ಪುಸ್ತಕವಾಗಿ ಬರೆದರು. 1973ರಲ್ಲಿ ಅದು ಷಿಕಾಗೋದಲ್ಲಿ ಪ್ರಕಟವಾದ ಮೇಲೆ ಜಗತ್ತಿನ ವಾಸ್ತುಶಿಲ್ಪ ಶಾಲೆಗಳು ಅವರತ್ತ ತಿರುಗಿದವು. 1980ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಅಧ್ಯಕ್ಷರ ಪುರಸ್ಕಾರ ಬಂತು. ಅದೇ ವರ್ಷ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಸಂದಿತು.

ವಾಸ್ತುಶಿಲ್ಪ ಓದಬಯಸುವ ಮಕ್ಕಳೂ ಅವರ ತಂದೆ ತಾಯಿಯರೂ ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಹವೆಗೆ ಹೊಂದುವ ಗೋಡೆ, ಸಂಪ್ರದಾಯಕ್ಕೆ ಒಪ್ಪುವ ಅಂಗಳ ಇದ್ದರಷ್ಟೇ ಸಾಲದು. ಆ ಮನೆಯ ಯಜಮಾನನಿಗೆ ಅನ್ನ ಎಲ್ಲಿಂದ ಬರುತ್ತದೆ ಎಂಬುದೂ ನಕ್ಷೆಯಲ್ಲಿ ಸೇರಬೇಕು. ಗುರ್ನಾದಲ್ಲಿ ಬಿಟ್ಟುಹೋದ ಗೆರೆ ಅದೊಂದೇ.