ವಿದ್ಯಾರ್ಥಿಗಳೂ ಮದ್ಯಪಾನವೂ

1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ನಾಯಕತ್ವದಲ್ಲಿ ಜನರು ಈಚಲು ಮರಗಳನ್ನು ಕಡಿದು ಸೆರೆಮನೆಗೆ ನಡೆದುದನ್ನು ನಮ್ಮ ಜಿಲ್ಲೆಯ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುವುದುಂಟು. ಅಂದು ಹೆಂಡದ ಮೂಲವು ಎಲ್ಲರ ಕಣ್ಣೆದುರಿನ ಮರವಾಗಿತ್ತು, ಕೊಡಲಿಗೆ ಎಟಕುತ್ತಿತ್ತು. ಹೊಸದುರ್ಗದಂತಹ ತಾಲ್ಲೂಕು ಕೇಂದ್ರಕ್ಕೆ ಓದಲು ಬಂದ ಹಳ್ಳಿಯ ಹುಡುಗನ ಬಾಡಿಗೆ ಕೋಣೆಗೆ ಸೀಸೆಯಲ್ಲಿ ಬರುವ ಮದ್ಯವನ್ನು ಯಾವ ಕೊಡಲಿಯಿಂದ ಕಡಿಯೋಣ?

ಕುಡಿತವು ಕೆಟ್ಟದ್ದೆಂದು ಬೋಧಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಒಬ್ಬನಿಗೆ ಬರಿಯ ತಲೆನೋವನ್ನು ತರುವ ಮದ್ಯವೇ ಮತ್ತೊಬ್ಬನಿಗೆ ಮರಣವನ್ನು ತರುವುದೇಕೆಂದು ವಿಚಾರಿಸಿದವರು ವಿರಳ. ನಮ್ಮ ತರುಣರು ಕುಡಿಯುವ ಪರಿಯನ್ನು ನೋಡಬೇಕು. ಗಂಡಸುತನದ ಪಂದ್ಯಕ್ಕೆ, ಪರೀಕ್ಷೆ ಮುಗಿದ ಉತ್ಸಾಹಕ್ಕೆ, ಬರಿಹೊಟ್ಟೆಯಲ್ಲಿ, ಕದ್ದು, ಆದುದರಿಂದಲೇ ಅವಸರವಾಗಿ ಕುಡಿಯುತ್ತಾರೆ. ಅನ್ನವಿಲ್ಲದ ಹೊಟ್ಟೆಯಿಂದ ಮದ್ಯವು ಬೇಗನೆ ರಕ್ತಕ್ಕೆ ಸೇರುತ್ತದೆ. ಯಕೃತ್ತಾದರೋ ತನ್ನ ನಿಧಾನಗತಿಯನ್ನು ಬಿಡದು. ಅಮಲು ಸಾಲದೆಂದು ಮತ್ತೆ ಸುರಿದುಕೊಳ್ಳುವಾಗ ಮೊದಲು ಕುಡಿದುದು ಇನ್ನೂ ಏರುತ್ತಲೇ ಇರುತ್ತದೆ. ಬಳಿಕ ಮೋಟಾರು ಸೈಕಲ್ಲು, ಕತ್ತಲ ಹಾದಿ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ, 2019ರಲ್ಲಿ ಜಗತ್ತಿನಲ್ಲಿ ಮದ್ಯದಿಂದ ಸತ್ತವರು 26 ಲಕ್ಷ. ಈ ಪಿಡುಗಿನ ಪೆಟ್ಟು ವಿಶೇಷವಾಗಿ ತಗುಲಿರುವುದು 20ರಿಂದ 39 ವಯಸ್ಸಿನವರಿಗೆ.

ಇವೆಲ್ಲಕ್ಕಿಂತ ಕ್ರೂರವಾದುದು ಭಯ. ಪ್ರಜ್ಞೆತಪ್ಪಿದ ಗೆಳೆಯನನ್ನು ಮಲಗಿಸಿ, ಬೆಳಗಾದರೆ ಸರಿಹೋದಾನೆಂದು ಬಾಗಿಲು ಮುಚ್ಚುತ್ತಾರೆ. ಪ್ರಾಂಶುಪಾಲರಿಗೆ ತಿಳಿದೀತು, ಊರಿನಲ್ಲಿ ತಂದೆಗೆ ಸುದ್ದಿ ಮುಟ್ಟೀತು ಎಂಬ ಅಂಜಿಕೆ. ಅಂಗಾತ ಬಿದ್ದವನು ವಾಂತಿಮಾಡಿದರೆ ಅದೇ ಅವನ ಉಸಿರನ್ನು ಕಟ್ಟಬಲ್ಲದು. ಅವನನ್ನು ಪಕ್ಕಕ್ಕೆ ಹೊರಳಿಸಿ, ಒಂಟಿಯಾಗಿ ಬಿಡದೆ, ತಡವಿಲ್ಲದೆ 108ಕ್ಕೆ ಕರೆಮಾಡಬೇಕು. ತರ್ಕಶಾಸ್ತ್ರ, ಅರ್ಥಶಾಸ್ತ್ರಗಳನ್ನು ಬೋಧಿಸುವವರು ಇಷ್ಟನ್ನು ಹೇಳಿಕೊಡಲು ಅರ್ಧ ಘಂಟೆಯನ್ನು ಮೀಸಲಿಡಬಾರದೆ?

ಇನ್ನು ಸರ್ಕಾರದವರು. 21 ವರ್ಷ ತುಂಬದವರಿಗೆ ಮದ್ಯ ಮಾರಕೂಡದೆಂಬುದು 1967ರ ಅಬಕಾರಿ ನಿಯಮ. 2023ರಲ್ಲಿ ಅದನ್ನು 18ಕ್ಕಿಳಿಸುವ ಕರಡನ್ನು ಹೊರಡಿಸಿ, ಜನರು ವಿರೋಧಿಸಿದ ಮೇಲೆ ಕೈಬಿಟ್ಟರು. 2025-26ರ ಆಯವ್ಯಯದಲ್ಲಿ ಅಬಕಾರಿಯಿಂದಲೇ 40,000 ಕೋಟಿ ರೂಪಾಯಿಗಳನ್ನು ನಿರೀಕ್ಷಿಸಿದ ಬೊಕ್ಕಸಕ್ಕೆ, ಗಿರಾಕಿಯ ವಯಸ್ಸನ್ನು ವಿಚಾರಿಸುವ ಮನಸ್ಸು ಹೇಗೆ ಬಂದೀತು?

ಪಾನನಿರೋಧದ ದೊಡ್ಡ ವಾದವು ಹಾಗಿರಲಿ. ನಾವು ಕೇಳುವುದು ಅಲ್ಪ. ಗೆಳೆಯನ ಪ್ರಾಣವನ್ನುಳಿಸಲು ಸಹಾಯ ಬೇಡಿದ ವಿದ್ಯಾರ್ಥಿಗೆ ದಂಡನೆಯಿಲ್ಲವೆಂದು ಕಾಲೇಜಿನ ಆಡಳಿತದವರು ಸೂಚನಾ ಫಲಕದಲ್ಲಿ ಬರೆದು ಹಾಕಲಿ. ಅಬಕಾರಿ ಅಧಿಕಾರಿಗಳು ವಾರದಲ್ಲೊಂದು ಸಂಜೆ, ಮುನ್ಸೂಚನೆ ಕೊಡದೆ, ಪೇಟೆಯ ಮದ್ಯದಂಗಡಿಗಳೆದುರು ನಿಂತು ನೋಡಲಿ.