ಮೊದಲ ಹಡಗು ವಿಹಾರ: ಏಜೆಂಟರಿಗೆ ಮುಂಗಡ ಕೊಡುವ ಮುನ್ನ

ಸಿರುಗುಪ್ಪದ ಅಕ್ಕಿ ಗಿರಣಿ ಮಾಲೀಕರು ಹೊಸ ಪಾರ್ಟಿಗೆ ಒಂದು ಲಾರಿ ಅಕ್ಕಿಯನ್ನು ಉದ್ರಿ ಕೊಡುವ ಮುನ್ನ ನಾಲ್ಕು ಕಡೆ ವಿಚಾರಿಸುತ್ತಾರೆ. ಕುರುಗೋಡಿನ ಮೆಣಸಿನಕಾಯಿ ವ್ಯಾಪಾರಿಗಳು ಖರೀದಿದಾರನ ಹಿಂದಿನ ನಡವಳಿಕೆ ತಿಳಿಯದೆ ಮಾಲು ಎತ್ತಲು ಬಿಡುವುದಿಲ್ಲ. ಬಳ್ಳಾರಿಯ ಜೀನ್ಸ್ ತಯಾರಕರು ಹೊರ ಊರಿನ ಅಂಗಡಿಗೆ ಸರಕು ಕಳುಹಿಸುವ ಮೊದಲು ಅದರ ಹಳೆಯ ಬಾಕಿಗಳ ಸುದ್ದಿಯನ್ನು ಕೇಳಿಕೊಳ್ಳುತ್ತಾರೆ. ಆದರೆ ಇದೇ ವರ್ತಕರು ಕುಟುಂಬದ ಹಡಗು ವಿಹಾರಕ್ಕಾಗಿ ಎರಡು ಮೂರು ಲಕ್ಷ ರೂಪಾಯಿಗಳನ್ನು ಒಂದು ದೂರವಾಣಿ ಕರೆ ಹಾಗೂ ಒಂದು ಬಣ್ಣದ ಕರಪತ್ರವನ್ನು ನಂಬಿ ಅಪರಿಚಿತ ಏಜೆಂಟರ ಕೈಗೆ ಕೊಡುವುದುಂಟು. ಈ ಮುಂಗಡವೂ ಒಂದು ಬಗೆಯ ಉದ್ರಿಯೇ ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಕಡಲಿನಿಂದ ದೂರವಿರುವ ನಮ್ಮ ಜಿಲ್ಲೆಗೂ ಹಡಗು ವಿಹಾರ ಈಗ ಅಪರಿಚಿತವಲ್ಲ. ಕಾರ್ಡೇಲಿಯಾ ಸಂಸ್ಥೆಯು 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ವಿಹಾರಗಳನ್ನು ಆರಂಭಿಸಿತು. 2025ರ ಸೆಪ್ಟೆಂಬರಿನಲ್ಲಿ ಮುಂಬೈ ಬಂದರಿನ ಹೊಸ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಯಾಯಿತು. ಸಿಂಗಪುರದಿಂದ ಹೊರಡುವ ಹಡಗುಗಳನ್ನು ವಿಮಾನ ಪ್ರಯಾಣದೊಂದಿಗೆ ಸೇರಿಸಿ ಮಾರುವವರೂ ಇದ್ದಾರೆ. ಮಾರಾಟದ ಗುರಿ ಮುಟ್ಟಿದ ಡೀಲರುಗಳಿಗೆ ಕಂಪನಿಗಳು ಕೊಡುವ ಪ್ರವಾಸಗಳೂ ಕೆಲವೊಮ್ಮೆ ಇದೇ ರೂಪದಲ್ಲಿರುತ್ತವೆ.

ಹಣ ಎಲ್ಲಿ ನಿಲ್ಲುತ್ತದೆ?

ನಾವು ಬಳ್ಳಾರಿಯಲ್ಲಿ ಕಟ್ಟಿದ ಹಣ ನೇರವಾಗಿ ಹಡಗಿನ ಕಂಪನಿಗೆ ತಲುಪುವುದಿಲ್ಲ. ಸ್ಥಳೀಯ ಏಜೆಂಟರಿಂದ ಬೆಂಗಳೂರು ಅಥವಾ ಮುಂಬೈಯ ಸಗಟು ಏಜೆಂಟರಿಗೆ, ಅಲ್ಲಿಂದ ಹಡಗಿನ ಕಂಪನಿಯ ಭಾರತೀಯ ಪ್ರತಿನಿಧಿಗೆ, ಕೊನೆಗೆ ಕಂಪನಿಗೆ ಎಂಬಂತೆ ಹಲವು ಕೈಗಳನ್ನು ದಾಟುತ್ತದೆ. ಕಂಪನಿಯು ನಮ್ಮ ಹೆಸರಿಗೆ ಬುಕಿಂಗ್ ಸಂಖ್ಯೆ ನೀಡುವವರೆಗೆ ಆ ಹಣ ಭದ್ರತೆಯಿಲ್ಲದ ಸಾಲವಾಗಿ ಮಧ್ಯವರ್ತಿಯ ಬಳಿ ಇರುತ್ತದೆ.

ಹಡಗಿನ ಕಂಪನಿಗಳೇ ಮುಚ್ಚಿದ ನಿದರ್ಶನಗಳೂ ಇವೆ. 2019ರ ಏಪ್ರಿಲ್‌ನಲ್ಲಿ ಮುಂಬೈಯಿಂದ ‘ಕರ್ಣಿಕಾ’ ಹಡಗಿನೊಂದಿಗೆ ಆರಂಭವಾದ ಜಲೇಶ್ ಕ್ರೂಸಸ್ ಸಂಸ್ಥೆಯು ಕೋವಿಡ್ ಹೊಡೆತಕ್ಕೆ ಸಿಲುಕಿ 2020ರಲ್ಲಿಯೇ ಸ್ಥಗಿತಗೊಂಡಿತು. ಹಡಗು ಗುಜರಿಗೆ ಹೋಯಿತು. ಸ್ಟಾರ್ ಕ್ರೂಸಸ್ ಮತ್ತು ಡ್ರೀಮ್ ಕ್ರೂಸಸ್‌ಗಳ ಒಡೆತನ ಹೊಂದಿದ್ದ ಗೆಂಟಿಂಗ್ ಹಾಂಗ್‌ಕಾಂಗ್ ಕಂಪನಿಯು 2022ರ ಜನವರಿಯಲ್ಲಿ ತನ್ನನ್ನು ಮುಚ್ಚಲು ನ್ಯಾಯಾಲಯದ ಮೊರೆ ಹೋಯಿತು. 2019ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಥಾಮಸ್ ಕುಕ್ ಕುಸಿದಾಗ (ಭಾರತದ ಅದೇ ಹೆಸರಿನ ಕಂಪನಿ ಅದರಿಂದ ಬೇರೆಯಾದದ್ದು) ಹೊರದೇಶಗಳಲ್ಲಿದ್ದ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರನ್ನು ಅಲ್ಲಿನ ಸರ್ಕಾರಿ ವ್ಯವಸ್ಥೆಯ ಮೂಲಕ ಮರಳಿ ಕರೆತರಲಾಯಿತು. ಅಲ್ಲಿ ಪ್ರವಾಸ ಸಂಸ್ಥೆಗಳು ಪ್ರಯಾಣಿಕರ ರಕ್ಷಣೆಗಾಗಿ ನಿಧಿಯೊಂದಕ್ಕೆ ಹಣ ಕಟ್ಟುವುದು ಕಡ್ಡಾಯ. ನಮ್ಮ ದೇಶದಲ್ಲಿ ಅಂತಹ ಕಡ್ಡಾಯ ನಿಧಿಯಿಲ್ಲ. ಆದುದರಿಂದ ನಮ್ಮ ಎಚ್ಚರಿಕೆಯೇ ನಮಗೆ ಮೊದಲ ರಕ್ಷಣೆ.

ಏಜೆಂಟರ ಪರೀಕ್ಷೆ

ಏಜೆಂಟರೇ ಬೇಡ, ನೇರವಾಗಿ ಕಂಪನಿಯ ಜಾಲತಾಣದಲ್ಲಿಯೇ ಬುಕಿಂಗ್ ಮಾಡಬಹುದಲ್ಲವೇ ಎಂದು ಕೆಲವರು ಕೇಳಬಹುದು. ಮಾಡಬಹುದು. ಆದರೆ ಮೊದಲ ಬಾರಿ ಹೋಗುವವರಿಗೆ, ವಿಶೇಷವಾಗಿ ವಯಸ್ಸಾದ ತಂದೆ ತಾಯಿ ಹಾಗೂ ಮಕ್ಕಳೊಂದಿಗೆ ಹೋಗುವವರಿಗೆ, ತಿಳಿದ ಏಜೆಂಟರು ನಿಜವಾಗಿಯೂ ಉಪಯುಕ್ತರು. ಅವರ ಆದಾಯ ಬಹುಮಟ್ಟಿಗೆ ಹಡಗಿನ ಕಂಪನಿ ಕೊಡುವ ಕಮಿಷನ್. ದಲಾಲಿ ಮಂಡಿಯ ವ್ಯವಹಾರ ಬಲ್ಲ ನಮಗೆ ಇದರಲ್ಲಿ ಆಕ್ಷೇಪವಿಲ್ಲ. ಆದರೆ ಒಂದೇ ಹಡಗನ್ನು ಒತ್ತಾಯಿಸಿ ಮಾರುವವರಿಗೂ ನಮ್ಮ ಅಗತ್ಯ ಕೇಳಿ ಸಲಹೆ ನೀಡುವವರಿಗೂ ಇರುವ ಅಂತರವನ್ನು ಗುರುತಿಸಬೇಕು. ಅದಕ್ಕಾಗಿ ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

1. ಏಜೆಂಟರ ಜಿಎಸ್‌ಟಿ ಸಂಖ್ಯೆಯನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಬೇಕು. ನೋಂದಣಿಯ ದಿನಾಂಕ, ವ್ಯವಹಾರದ ಹೆಸರು, ರಿಟರ್ನ್ ಸಲ್ಲಿಕೆಯ ವಿವರ ಅಲ್ಲಿ ಸಿಗುತ್ತವೆ. ಆರು ತಿಂಗಳಿಂದ ರಿಟರ್ನ್ ಸಲ್ಲಿಸದವರಿಗೆ ನಾವು ಸರಕು ಉದ್ರಿ ಕೊಡುವುದಿಲ್ಲ; ಮುಂಗಡವನ್ನೂ ಕೊಡಬಾರದು.

2. ಸಂಘಗಳ ಸದಸ್ಯತ್ವವನ್ನು ಕೇಳಬೇಕು. 1951ರಲ್ಲಿ ಸ್ಥಾಪನೆಯಾದ ಭಾರತೀಯ ಟ್ರಾವೆಲ್ ಏಜೆಂಟರ ಸಂಘದ ಸದಸ್ಯತ್ವ ಒಂದು ಒಳ್ಳೆಯ ಗುರುತು. ಐಯಾಟಾ ಮಾನ್ಯತೆ ಮುಖ್ಯವಾಗಿ ವಿಮಾನ ಟಿಕೆಟ್ ವ್ಯವಹಾರಕ್ಕೆ ಸಂಬಂಧಿಸಿದ್ದು. ಹಡಗಿನ ಅನುಭವವನ್ನು ಅದು ತೋರಿಸುವುದಿಲ್ಲ.

3. ‘ನೀವು ಸ್ವತಃ ಯಾವ ಹಡಗಿನಲ್ಲಿ ಪ್ರಯಾಣ ಮಾಡಿದ್ದೀರಿ?’ ಎಂದು ಕೇಳಬೇಕು. ಒಳಗಿನ ಕೋಣೆ, ಕಿಟಕಿಯ ಕೋಣೆ, ಬಾಲ್ಕನಿಯ ಕೋಣೆ ಇವುಗಳ ವ್ಯತ್ಯಾಸವನ್ನೂ, ಅಲೆಗಳ ಓಲಾಟ ಹಡಗಿನ ನಡುಭಾಗದ ಕೆಳ ಅಂತಸ್ತಿನಲ್ಲಿ ಕಡಿಮೆ ಎಂಬುದನ್ನೂ ಅವರು ಕರಪತ್ರ ನೋಡದೆ ಹೇಳಬಲ್ಲವರಾಗಿರಬೇಕು.

4. ಅವರ ಮೂಲಕ ಹೋಗಿ ಬಂದವರನ್ನು ಮಾತ್ರವಲ್ಲ, ಪ್ರವಾಸ ರದ್ದು ಮಾಡಿದವರನ್ನೂ ವಿಚಾರಿಸಬೇಕು. ಸರಕು ಮಾರುವಾಗ ಎಲ್ಲರೂ ಸಜ್ಜನರೇ. ಸರಕು ವಾಪಸಾದಾಗ ಪಾರ್ಟಿಯ ಗುಣ ತಿಳಿಯುತ್ತದೆ.

5. ಮುಂಗಡ ಕೊಟ್ಟ ಎರಡು ಮೂರು ದಿನಗಳಲ್ಲಿ ಹಡಗಿನ ಕಂಪನಿಯ ಬುಕಿಂಗ್ ಸಂಖ್ಯೆ ಬರಬೇಕೆಂದು ಲಿಖಿತವಾಗಿ ಒಪ್ಪಿಸಿಕೊಳ್ಳಬೇಕು. ಸಂಖ್ಯೆ ಬಂದ ಕೂಡಲೇ ಕಂಪನಿಗೆ ನಾವೇ ಕರೆ ಮಾಡಿ, ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರುಗಳು ದಾಖಲಾಗಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಈ ಒಂದು ಕರೆಯನ್ನು ಯಾವ ಕಾರಣಕ್ಕೂ ತಪ್ಪಿಸಬಾರದು.

ದರದ ಒಳವಿವರ

ಇಬ್ಬರು ಏಜೆಂಟರ ದರಗಳನ್ನು ಹೋಲಿಸುವಾಗ ಒಟ್ಟು ಮೊತ್ತವನ್ನಷ್ಟೇ ನೋಡಿದರೆ ಮೋಸ ಹೋಗುತ್ತೇವೆ. ಕೋಣೆಯ ದರ, ಬಂದರು ಶುಲ್ಕ, ಹಡಗಿನ ಸಿಬ್ಬಂದಿಗೆ ಸಲ್ಲುವ ಸೇವಾ ಶುಲ್ಕ, ತೆರಿಗೆ, ವಿಮೆ, ದಡದ ಮೇಲಿನ ಪ್ರವಾಸ, ಪಾನೀಯ, ಅಂತರ್ಜಾಲ ಇವುಗಳಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂಬ ಪಟ್ಟಿಯನ್ನು ಬರಹದಲ್ಲಿ ಪಡೆಯಬೇಕು. ಪ್ರಕಟಿತ ದರ ಸಾಮಾನ್ಯವಾಗಿ ಕೋಣೆಯಲ್ಲಿ ಇಬ್ಬರಿದ್ದಾಗ ತಲಾ ಒಬ್ಬರಿಗೆ ಅನ್ವಯಿಸುತ್ತದೆ; ಒಬ್ಬರೇ ಹೋದರೆ ಎರಡನೆಯವರ ದರದ ಬಹುಪಾಲನ್ನೂ ಕಟ್ಟಬೇಕಾಗುತ್ತದೆ. ಹೊರಡುವ ದಿನ ಹತ್ತಿರವಾದಂತೆ ರದ್ದತಿಯ ಕಡಿತ ಹೆಚ್ಚುತ್ತ ಹೋಗಿ ಕೊನೆಯ ದಿನಗಳಲ್ಲಿ ಪೂರ್ತಿ ಹಣವೇ ಹೋಗುತ್ತದೆ. ಕಂಪನಿಯ ಕಡಿತದ ಮೇಲೆ ಏಜೆಂಟರು ತಮ್ಮ ಕಡಿತವನ್ನೂ ಸೇರಿಸುವರೇ ಎಂಬುದು ಮುಖ್ಯ ಪ್ರಶ್ನೆ.

ಸಸ್ಯಾಹಾರ ಮತ್ತು ಜೈನ ಆಹಾರದ ಬಗ್ಗೆ ‘ಎಲ್ಲಾ ಸಿಗುತ್ತದೆ’ ಎಂಬ ಬಾಯಿಮಾತು ಸಾಲದು. ಬುಕಿಂಗ್ ದಾಖಲೆಯಲ್ಲಿಯೇ ಅದು ನಮೂದಾಗಬೇಕು. ಹಡಗಿನ ವೈದ್ಯರ ಸೇವೆ ಉಚಿತವಲ್ಲ. ಆದುದರಿಂದ ಹಿರಿಯರಿದ್ದಲ್ಲಿ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚವೂ ಸೇರಿದ ವಿಮೆ ಅಗತ್ಯ. ಆರು ತಿಂಗಳೊಳಗಿನ ಶಿಶುಗಳನ್ನೂ, 24 ವಾರ ತುಂಬಿದ ಗರ್ಭಿಣಿಯರನ್ನೂ ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಈ ವಿಷಯವನ್ನು ಏಜೆಂಟರು ತಾವಾಗಿಯೇ ಕೇಳಿದರೆ ಅವರು ಅನುಭವಿಗಳೆಂದು ತಿಳಿಯಬಹುದು.

ಬಂದರು ಮತ್ತು ವೀಸಾ

ನಮ್ಮ ಊರುಗಳಿಂದ ಬಂದರು ದೂರ. ರೈಲು ತಡವಾದರೆ ಹಡಗು ಕಾಯುವುದಿಲ್ಲ, ಹಣವೂ ಹಿಂತಿರುಗುವುದಿಲ್ಲ. ಹಡಗು ಹೊರಡುವ ದಿನವೇ ಬೆಳಿಗ್ಗೆ ಮುಂಬೈ ತಲುಪುವಂತೆ ಟಿಕೆಟ್ ಮಾಡಿಕೊಡುವ ಏಜೆಂಟರಿಗೆ ಈ ವ್ಯವಹಾರದ ಅರಿವು ಸಾಲದು; ಹಿಂದಿನ ದಿನವೇ ಅಲ್ಲಿರಬೇಕು.

ವಿದೇಶಿ ವಿಹಾರಗಳಲ್ಲಿ ವೀಸಾ ಇನ್ನೂ ಸೂಕ್ಷ್ಮ. ಇಟಲಿಯಿಂದ ಹೊರಟು ಟರ್ಕಿಯ ಬಂದರಿಗೆ ಹೋಗಿ ಮತ್ತೆ ಗ್ರೀಸ್ ಅಥವಾ ಇಟಲಿಗೆ ಮರಳುವ ಹಡಗಿಗೆ ಒಂದೇ ಬಾರಿ ಪ್ರವೇಶದ ಷೆಂಗೆನ್ ವೀಸಾ ಸಾಲದು. ಹಲವು ಬಾರಿ ಪ್ರವೇಶದ ವೀಸಾ ಬೇಕು. ಸಿಂಗಪುರದಿಂದ ಹೊರಟು ಅಲ್ಲಿಗೇ ಮರಳುವುದೂ ಮರುಪ್ರವೇಶವೇ. ಸರಿಯಾದ ವೀಸಾ ಇಲ್ಲದವರನ್ನು ಬಂದರಿನಲ್ಲಿಯೇ ಹಿಂದಕ್ಕೆ ಕಳುಹಿಸುತ್ತಾರೆ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು.

ಬಿಲ್ಲು ಮತ್ತು ತೆರಿಗೆ

‘ಬಿಲ್ಲು ಬೇಡವೆಂದರೆ ಕಡಿಮೆ ಮಾಡುತ್ತೇವೆ’ ಎನ್ನುವವರಿಂದ ದೂರವಿರಬೇಕು. 2017ರ ಏಪ್ರಿಲ್ 1ರಿಂದ ಒಂದು ವ್ಯವಹಾರಕ್ಕೆ 2 ಲಕ್ಷ ರೂ. ಅಥವಾ ಅದಕ್ಕಿಂತ ಹೆಚ್ಚು ನಗದು ಸ್ವೀಕರಿಸುವುದು ನಿಷಿದ್ಧ. ನಗದಿಗಿಂತ ಬ್ಯಾಂಕ್ ವರ್ಗಾವಣೆ ಮೇಲು. ಸೇವೆ ದೊರೆಯದಿದ್ದಲ್ಲಿ ಬ್ಯಾಂಕಿನ ಮೂಲಕ ಹಣಕ್ಕೆ ತಕರಾರು ಹೂಡಲು ಅವಕಾಶವಿರುವುದರಿಂದ ಕ್ರೆಡಿಟ್ ಕಾರ್ಡ್ ಅದಕ್ಕಿಂತಲೂ ಮೇಲು. ಹಣ ಸಂಸ್ಥೆಯ ಖಾತೆಗೇ ಹೋಗಬೇಕು, ವ್ಯಕ್ತಿಯ ಖಾತೆಗಲ್ಲ.

ವಿದೇಶಿ ಪ್ಯಾಕೇಜಿನ ಮೇಲೆ 2020ರ ಅಕ್ಟೋಬರ್ 1ರಿಂದ ಮಾರಾಟಗಾರರೇ ಆದಾಯ ತೆರಿಗೆಯನ್ನು ಸಂಗ್ರಹಿಸುವ ನಿಯಮವಿದೆ. ದರ ಹಲವು ಬಾರಿ ಬದಲಾಗಿರುವುದರಿಂದ ಕಟ್ಟುವ ದಿನದ ದರವನ್ನು ತಮ್ಮ ಆಡಿಟರ ಬಳಿ ವಿಚಾರಿಸಬೇಕು. ಈ ಮೊತ್ತ ನಷ್ಟವಲ್ಲ. ನಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿ ತೆರಿಗೆಯಲ್ಲಿ ವಜಾ ಆಗುತ್ತದೆ. ಸಂಗ್ರಹಿಸಿ ಸರ್ಕಾರಕ್ಕೆ ಕಟ್ಟದ ಏಜೆಂಟರಿದ್ದರೆ ಮಾತ್ರ ಅದು ನಷ್ಟ.

ಕಂಪನಿಯಿಂದ ಉಚಿತ ಪ್ರವಾಸ ಪಡೆಯುವ ಡೀಲರುಗಳೂ ಗಮನಿಸಬೇಕು. 2022ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ, ವ್ಯವಹಾರದಿಂದ ದೊರೆತ ಇಂತಹ ಸೌಲಭ್ಯ ವರ್ಷಕ್ಕೆ 20,000 ರೂ. ಮೀರಿದರೆ ನೂರಕ್ಕೆ 10ರಂತೆ ಮೂಲದಲ್ಲಿ ತೆರಿಗೆ ಕಡಿತವಾಗಬೇಕು. ಪ್ರವಾಸದ ಮೌಲ್ಯ ನಮ್ಮ ಆದಾಯದಲ್ಲಿ ಸೇರುತ್ತದೆ.

ವ್ಯಾಜ್ಯ ಬಂದಲ್ಲಿ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು 2020ರ ಜುಲೈನಲ್ಲಿ ಜಾರಿಗೆ ಬಂದಿತು. ಅದರಂತೆ ಏಜೆಂಟರ ಕಚೇರಿ ಮುಂಬೈಯಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ, ಎಂದರೆ ಬಳ್ಳಾರಿಯ ಜಿಲ್ಲಾ ಆಯೋಗದಲ್ಲಿಯೇ, ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ; ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಕುಟುಂಬದ ವಿಹಾರದ ಬಿಲ್ಲನ್ನು ಅಂಗಡಿಯ ಅಥವಾ ಗಿರಣಿಯ ಹೆಸರಿಗೆ ಮಾಡಿಸಿದರೆ, ಇವರು ಗ್ರಾಹಕರೇ ಅಲ್ಲ ಎಂದು ಎದುರು ಪಕ್ಷದವರು ವಾದಿಸಲು ದಾರಿಯಾಗುತ್ತದೆ. ಸ್ವಂತ ಪ್ರವಾಸದ ಬಿಲ್ಲು ಸ್ವಂತ ಹೆಸರಿಗೇ ಇರಲಿ, ಹಣವೂ ಸ್ವಂತ ಖಾತೆಯಿಂದಲೇ ಹೋಗಲಿ.

ಹಡಗಿನ ಬಣ್ಣ, ಈಜುಕೊಳ, ಮನರಂಜನೆ ಇವೆಲ್ಲವನ್ನೂ ಕರಪತ್ರ ತಾನೇ ಹೇಳುತ್ತದೆ. ಏಜೆಂಟರು ಎಂತಹವರು ಎಂಬುದನ್ನು ಮಾತ್ರ ನಾವೇ ತಿಳಿಯಬೇಕು. ಪೇಟೆಯಲ್ಲಿ ಪ್ರತಿದಿನ ಬಳಸುವ ವಿವೇಕವನ್ನು ವರ್ತಕ ಬಾಂಧವರು ಪ್ರವಾಸದ ಹಣಕ್ಕೂ ಅನ್ವಯಿಸಿದಲ್ಲಿ ಮೊದಲ ಸಮುದ್ರಯಾನ ಮನೆಮಂದಿಗೆಲ್ಲ ಸವಿನೆನಪಾಗಿ ಉಳಿಯುವುದರಲ್ಲಿ ಸಂದೇಹವಿಲ್ಲ.