ಬಿದ್ದಾಗ ಬಿಚ್ಚಿಕೊಳ್ಳುತ್ತಿದ್ದ ಫೋನು

ನೋಕಿಯಾ 1100 ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದರೆ ಮೂರು ಭಾಗವಾಗಿ ಚೆಲ್ಲಾಡುತ್ತಿತ್ತು: ಹಿಂದಿನ ಮುಚ್ಚಳ ಒಂದು ಕಡೆ, ಬ್ಯಾಟರಿ ಮಂಚದ ಕೆಳಗೆ, ಫೋನಿನ ಮೈ ಹೊಸ್ತಿಲ ಹತ್ತಿರ. ಮೂರನ್ನೂ ಆಯ್ದು ತಂದು, ಬ್ಯಾಟರಿ ಕೂರಿಸಿ, ಮುಚ್ಚಳ ಜಾರಿಸಿ, ಗುಂಡಿ ಒತ್ತಿ ಹಿಡಿದರೆ ಎರಡು ಕೈಗಳು ಕೂಡುವ ಚಿತ್ರ ಪರದೆಯ ಮೇಲೆ ಮತ್ತೆ ಮೂಡುತ್ತಿತ್ತು. ಆ ಕಾಲದ ಫೋನುಗಳ ಮಾತು ಬಂದಾಗಲೆಲ್ಲ ಜನ ಅದು ಕಬ್ಬಿಣದ ಹಾಗಿತ್ತು ಎನ್ನುತ್ತಾರೆ. ಆದರೆ ಅದರೊಳಗೆ ಅಸಾಧಾರಣ ಗಟ್ಟಿತನದ ವಸ್ತು ಒಂದೂ ಇರಲಿಲ್ಲ. ಸಾಮಾನ್ಯ ಪ್ಲಾಸ್ಟಿಕ್, ರಬ್ಬರ್ ಹಾಳೆ, ಪುಟ್ಟದೊಂದು ಪರದೆ, ಅಷ್ಟೆ. ಅದು ಬಾಳಿದ್ದು ಗಟ್ಟಿಯಾಗಿದ್ದುದರಿಂದಲ್ಲ. ಸಡಿಲಬೇಕಾದ ಕಡೆ ಸಡಿಲವಾಗುತ್ತಿದ್ದುದರಿಂದ, ಯಾರು ಬೇಕಾದರೂ ಬಿಚ್ಚಿ ಜೋಡಿಸಬಹುದಾಗಿದ್ದುದರಿಂದ. ಈ ವ್ಯತ್ಯಾಸ ಮುಖ್ಯ. ಗಟ್ಟಿತನವೇ ಕಾರಣ ಎಂದುಕೊಂಡರೆ ಆ ಫೋನು ಕಳೆದುಹೋದ ಕಾಲದ ಪವಾಡವಾಗಿ ಉಳಿಯುತ್ತದೆ. ರಚನೆಯೇ ಕಾರಣ ಎಂದಾದರೆ ಅದನ್ನು ಇಂದೂ ಕೇಳಿ ಪಡೆಯಬಹುದು.

ಫೋನಿನ ಬಾಳಿಕೆಯನ್ನು ಪರೀಕ್ಷಿಸಲು ಕರ್ನೂಲು ಜಿಲ್ಲೆಯ ಪಶ್ಚಿಮ ಅಂಚಿಗಿಂತ ಕಠಿಣವಾದ ಜಾಗ ಸುಲಭಕ್ಕೆ ಸಿಗದು. ಮಂತ್ರಾಲಯ ಮಂಡಲದ ಮಾಧವರಂ ಇರುವುದು ಈ ಅಂಚಿನಲ್ಲಿ. ತುಂಗಭದ್ರೆ ದಾಟಿದರೆ ರಾಯಚೂರು ಜಿಲ್ಲೆ. ಈ ಭಾಗವನ್ನೊಳಗೊಂಡು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಹೋಯಿತು. ಮನೆಗಳಲ್ಲಿ ಕನ್ನಡ ಉಳಿಯಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಎರೆಹೊಲದ ನುಣ್ಣನೆ ಧೂಳು, ಆದೋನಿಯ ಜಿನ್ನಿಂಗ್ ಕಾರ್ಖಾನೆಗಳ ಸುತ್ತ ತೇಲುವ ಅರಳೆಯ ನಾರು, ಮನೆಯೊಳಗೆ ಬೇತಂಚೆರ್ಲದ ಕಲ್ಲುಹಾಸು. 2004ರಲ್ಲಿ ಆಂಧ್ರ ಸರಕಾರ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟಿತು. ಆದರೆ ಕರೆಂಟು ಬರುತ್ತಿದ್ದುದು ಪಾಳಿಯಲ್ಲಿ, ಬಹಳ ಸಲ ರಾತ್ರಿ. ಮೋಟಾರು ಹಾಕಲು ಕತ್ತಲಲ್ಲಿ ಹೊಲಕ್ಕೆ ಹೋಗುವ ರೈತನಿಗೆ ಫೋನಿನ ತಲೆಯಲ್ಲಿ ಒಂದು ಟಾರ್ಚ್ ಇರುವುದು ಅಲಂಕಾರವಲ್ಲ. ಹಾವು-ಚೇಳಿನ ದಾರಿಯಲ್ಲಿ ಅದು ಜೀವರಕ್ಷಣೆಯ ಸಾಧನ. 2003ರಲ್ಲಿ ಬಂದ 1100ಕ್ಕೆ ಆ ಟಾರ್ಚ್ ಇತ್ತು, ಧೂಳು ನುಗ್ಗದ ಕೀಪ್ಯಾಡ್ ಇತ್ತು, ಬೆವರಿದ ಕೈಯಿಂದ ಜಾರದ ಒರಟು ಅಂಚು ಇತ್ತು. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಇಂಥ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯಂತ್ರ ಅದು.

ಮೊದಲು ಬೀಳುವ ಕ್ರಿಯೆಯನ್ನೇ ನೋಡೋಣ. 1100ರ ತೂಕ 86 ಗ್ರಾಂ. ಒಂದು ಮೀಟರ್ ಎತ್ತರದಿಂದ ಬಿದ್ದಾಗ ಅದು ನೆಲಕ್ಕೆ ತರುವ ಶಕ್ತಿ ಸುಮಾರು 0.84 ಜೂಲ್. ಈಗಿನ 200 ಗ್ರಾಂ ಫೋನು ಅದೇ ಎತ್ತರದಿಂದ ತರುವುದು 1.96 ಜೂಲ್, ಅಂದರೆ ಎರಡು ಪಟ್ಟಿಗೂ ಹೆಚ್ಚು. ಎರಡೂ ಗಂಟೆಗೆ 16 ಕಿ.ಮೀ. ವೇಗದಲ್ಲೇ ಕಲ್ಲಿಗೆ ಬಡಿಯುತ್ತವೆ. ಆ ವೇಗ ಎಷ್ಟು ದೂರದಲ್ಲಿ ಶೂನ್ಯಕ್ಕೆ ಇಳಿಯುತ್ತದೆ ಎಂಬುದರ ಮೇಲೆ ಫೋನಿನ ಹಣೆಬರಹ ನಿಂತಿದೆ. ಹೊರಮೈ ಒಂದೇ ಮಿಲಿಮೀಟರಿನಲ್ಲಿ ನಿಂತುಬಿಟ್ಟರೆ ಒಳಗಿನ ಭಾಗಗಳ ಮೇಲೆ ಗುರುತ್ವದ ಸಾವಿರ ಪಟ್ಟು ಹೊರೆ ಬೀಳುತ್ತದೆ. ಮೈ ಸ್ವಲ್ಪ ಬಾಗಿ, ಮುಚ್ಚಳ ಕೊಕ್ಕೆಯಿಂದ ಕಳಚಿ, ಮೂರು ಮಿಲಿಮೀಟರ್ ಅವಕಾಶ ಸಿಕ್ಕಿದರೆ ಹೊರೆ ಮೂರನೆಯ ಒಂದಕ್ಕೆ ಇಳಿಯುತ್ತದೆ. ಇದರ ಜೊತೆಗೆ, ಸುಮಾರು 20 ಗ್ರಾಂ ತೂಗುವ ಬ್ಯಾಟರಿ ಹಾರಿಹೋಗುವಾಗ ತನ್ನ ಪಾಲಿನ ಶಕ್ತಿಯನ್ನೂ ಹೊತ್ತೊಯ್ಯುತ್ತದೆ. ಮೀಟರ್ ಬೋರ್ಡಿನ ಫ್ಯೂಸ್ ತಂತಿ ತಾನು ಹೋಗಿ ಮನೆಯ ವೈರಿಂಗ್ ಉಳಿಸುವ ಹಾಗೆ, ಇಲ್ಲಿ ಕೊಕ್ಕೆ ಕಳಚಿಕೊಂಡು ಒಳಗಿನ ಬೋರ್ಡನ್ನು ಉಳಿಸುತ್ತಿತ್ತು. ನೋಡುವವರಿಗೆ ಫೋನು ಒಡೆದುಹೋದಂತೆ ಕಂಡ ಆ ಕ್ಷಣವೇ ಅದು ಉಳಿದುಕೊಂಡ ಕ್ಷಣ. ಈಗಿನ ಫೋನಿನಲ್ಲಿ ಬ್ಯಾಟರಿ ಅಂಟಿನಿಂದ ಕೂತಿರುತ್ತದೆ, ಬೆನ್ನು ಅಂಟಿನಿಂದ ಮುಚ್ಚಿರುತ್ತದೆ. ಬಿದ್ದ ಪೆಟ್ಟು ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ತಿರುಗುತ್ತದೆ, ಸಿಕ್ಕಿದ ಕಡೆ ಗಾಜನ್ನು ಬಿರಿಸುತ್ತದೆ.

ಗಾಜಿನ ಸ್ವಭಾವ ಇಲ್ಲಿ ನಿರ್ಣಾಯಕ. ಪ್ಲಾಸ್ಟಿಕ್ ಪೆಟ್ಟು ತಿಂದರೆ ಬಾಗುತ್ತದೆ, ತಗ್ಗು ಬೀಳುತ್ತದೆ, ಗೀರುಗಳಿಂದ ಮಬ್ಬಾಗುತ್ತದೆ. ಗಾಜಿಗೆ ಬಾಗಿ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಒಂದು ಸೂಕ್ಷ್ಮ ಬಿರುಕು ಇದ್ದರೆ ಸಾಕು, ಎಳೆತ ಬಂದಾಗ ಅದು ಕ್ಷಣಾರ್ಧದಲ್ಲಿ ಅಡ್ಡಕ್ಕೆ ಓಡುತ್ತದೆ. ಇದನ್ನು ತಡೆಯಲು ಫೋನಿನ ಗಾಜನ್ನು ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಅದ್ದುತ್ತಾರೆ. ಗಾಜಿನಲ್ಲಿದ್ದ ಪುಟ್ಟ ಸೋಡಿಯಂ ಅಯಾನು ಹೊರಬಂದು ಅದರ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನು ಕೂತಾಗ ಮೇಲ್ಪದರ ಇಕ್ಕಟ್ಟಾಗಿ ಬಿಗಿದುಕೊಳ್ಳುತ್ತದೆ, ಬಿರುಕು ಬಾಯಿ ತೆರೆಯದಂತೆ ಒತ್ತಿಹಿಡಿಯುತ್ತದೆ. ನಿಜಕ್ಕೂ ಜಾಣ ತಂತ್ರ. ಆದರೆ ಆ ಬಿಗಿದ ಪದರ ಮೈಕ್ರಾನ್‌ಗಳ ಲೆಕ್ಕದಷ್ಟು ತೆಳು. ಜೇಬಿನ ಧೂಳಿನಲ್ಲಿರುವ ಬೆಣಚುಕಲ್ಲಿನ ಹರಳು ಗಾಜಿಗಿಂತ ಗಡಸು. ಅದು ಆಳವಾಗಿ ಗೀರಿದ ದಿನ ರಕ್ಷಣೆ ಮುಗಿಯಿತು. ಹಳೆಯ ಫೋನಿನ ಪರದೆಯೂ ಒಳಗಡೆ ಗಾಜಿನದೇ ಆಗಿತ್ತು, ಇದನ್ನು ಮರೆಯಬಾರದು. ಆದರೆ ಅದರ ಅಗಲ ಒಂದೂವರೆ ಅಂಗುಲದೊಳಗೆ. ಪ್ಲಾಸ್ಟಿಕ್ ಕಿಟಕಿಯ ಹಿಂದೆ, ಅಂಚುಗಳಿಂದ ದೂರವಾಗಿ, ಒಳಗೆ ಸರಿದು ಕೂತಿತ್ತು. ಈಗಿನ ಆರೂವರೆ ಅಂಗುಲದ ಗಾಜು ಫೋನಿನ ಮುಖವನ್ನೆಲ್ಲ ಆವರಿಸಿದೆ. ಫೋನು ಯಾವ ಮೂಲೆಯ ಮೇಲೆ ಬಿದ್ದರೂ ಪೆಟ್ಟು ಗಾಜಿನ ಪಕ್ಕಕ್ಕೇ ಬರುತ್ತದೆ.

ಇನ್ನು ಬಿಚ್ಚುವ ಮಾತು. 1100ರ ಹಿಂಬದಿಯನ್ನು ಹೆಬ್ಬೆರಳಿನಿಂದ ಒತ್ತಿ ಜಾರಿಸಿದರೆ ಬ್ಯಾಟರಿ, ಅದರಡಿ ಸಿಮ್. ಮುಂದಿನ ಪ್ಯಾನೆಲನ್ನು ಉಗುರು ತೂರಿಸಿ ಎಬ್ಬಿಸಿದರೆ ಅದರೊಂದಿಗೆ ಪರದೆಯ ಪ್ಲಾಸ್ಟಿಕ್ ಕಿಟಕಿಯೂ ಬರುತ್ತಿತ್ತು. ಇಷ್ಟಕ್ಕೆ ಸ್ಕ್ರೂಡ್ರೈವರ್ ಬೇಕಿರಲಿಲ್ಲ. ಪ್ಯಾನೆಲಿನ ಕೆಳಗೆ ಎಲ್ಲ ಅಂಕಿಗಳೂ ಒಂದೇ ತುಂಡಿನಲ್ಲಿರುವ ರಬ್ಬರ್ ಹಾಳೆ. ಗುಂಡಿಗಳ ನಡುವೆ ಸಂದೇ ಇಲ್ಲದ್ದರಿಂದ ಧೂಳು ಇಳಿಯಲು ಜಾಗವಿರಲಿಲ್ಲ. ರಬ್ಬರಿನಡಿ ಬೋರ್ಡಿನ ಮೇಲೆ ಸಾಲಾಗಿ ಪುಟ್ಟ ಲೋಹದ ಗುಬ್ಬಿಗಳು. ಗುಂಡಿ ಒತ್ತಿದಾಗ ಈ ಗುಬ್ಬಿ ಕುಸಿದು ಕೆಳಗಿನ ತಾಮ್ರದ ಎರಡು ಉಂಗುರಗಳನ್ನು ಕೂಡಿಸುತ್ತದೆ, ಬಿಟ್ಟಾಗ ಚಿಮ್ಮುತ್ತದೆ. ಬೆರಳಿಗೆ ತಿಳಿಯುತ್ತಿದ್ದ ಆ ಟಿಕ್ ಇದೇ. ಐದು ಒತ್ತಿದರೆ ಬೀಳುತ್ತಿಲ್ಲ ಎಂದು ಅಂಗಡಿಗೆ ತಂದರೆ ಬ್ರಷ್ಷಿಗೆ ಥಿನ್ನರ್ ಹಚ್ಚಿ ಉಜ್ಜಿದರೆ ಬಹಳ ಸಲ ಮುಗಿಯುತ್ತಿತ್ತು. ಚಾರ್ಜರಿನ ಪಿನ್ನು ಗುಂಡಗಿತ್ತು, ಯಾವ ಕಡೆ ತಿರುಗಿಸಿ ಚುಚ್ಚಿದರೂ ಕೂರುತ್ತಿತ್ತು, ಕತ್ತಲಲ್ಲೂ. ಬಿಎಲ್-5ಸಿ ಬ್ಯಾಟರಿ ಹತ್ತಾರು ಮಾದರಿಗಳಿಗೆ ಒಂದೇ. ನೋಕಿಯಾದ ಶ್ರೀಪೆರಂಬುದೂರಿನ ಕಾರ್ಖಾನೆ 2006ರಲ್ಲಿ ಶುರುವಾಗಿ 2014ರ ನವೆಂಬರಿನಲ್ಲಿ ಮುಚ್ಚಿತು. ಆ ಅಳತೆಯ ಬ್ಯಾಟರಿ ಮಾತ್ರ ಅದಾದ ಮೇಲೂ ಸಂತೆಯ ಎಫ್‌ಎಂ ರೇಡಿಯೊಗಳಲ್ಲಿ, ಹಾಡಿನ ಡಬ್ಬಿಗಳಲ್ಲಿ ಬದುಕಿತು. ದುರಸ್ತಿಯ ಜಾಲವೊಂದು ಕಂಪನಿಯನ್ನೂ ಮೀರಿ ಬೆಳೆಯುವುದು ಹೀಗೆ, ಭಾಗಗಳು ಸಾಮಾನ್ಯವಾಗಿದ್ದಾಗ.

ಬ್ಯಾಟರಿಯ ಲೆಕ್ಕವನ್ನು ನಿಧಾನವಾಗಿ ಮಾಡಿದರೆ ಇನ್ನೊಂದು ಸಂಗತಿ ಹೊರಬರುತ್ತದೆ. ಬಿಎಲ್-5ಸಿಯ ಧಾರಣೆ ಆಗ 850 ಮಿಲಿಆಂಪ್-ಗಂಟೆ. ಕಂಪನಿ ಹೇಳಿಕೊಂಡ ಸ್ಟ್ಯಾಂಡ್‌ಬೈ ಗರಿಷ್ಠ 400 ಗಂಟೆ. ಭಾಗಿಸಿದರೆ ಸುಮ್ಮನಿರುವ ಫೋನು ಎಳೆಯುತ್ತಿದ್ದುದು ಸರಾಸರಿ ಎರಡೇ ಮಿಲಿಆಂಪ್. ಫೋನು ಬಹುಪಾಲು ಹೊತ್ತು ನಿದ್ದೆಯಲ್ಲಿದ್ದು, ಆಗಾಗ ಎಚ್ಚೆತ್ತು, ತನಗೆ ಕರೆ ಇದೆಯೇ ಎಂದು ಟವರಿನ ಮಾತನ್ನು ಕ್ಷಣಮಾತ್ರ ಕೇಳಿಸಿಕೊಂಡು ಮತ್ತೆ ಮಲಗುತ್ತಿತ್ತು. ಕಪ್ಪುಬಿಳುಪು ಪರದೆ ಹಗಲಿನಲ್ಲಿ ತನ್ನ ಬೆಳಕನ್ನು ಉರಿಸಬೇಕಿರಲಿಲ್ಲ. ಬಿದ್ದ ಬಿಸಿಲನ್ನೇ ಪ್ರತಿಫಲಿಸುತ್ತಿತ್ತು, ಹಾಗಾಗಿ ಹೊಲದ ನಡುವೆ ಇನ್ನಷ್ಟು ಚೆನ್ನಾಗಿ ಕಾಣುತ್ತಿತ್ತು. ಮಾತು ಸೇರಿಸಿಕೊಂಡರೂ ನಾಲ್ಕೈದು ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ವರ್ಷಕ್ಕೆ ಎಂಬತ್ತರಷ್ಟು ಆವರ್ತ. ದಿನವೂ ಚಾರ್ಜಾಗುವ ಇಂದಿನ ಫೋನಿಗೆ ವರ್ಷಕ್ಕೆ 365. ಲಿಥಿಯಂ-ಅಯಾನ್ ಬ್ಯಾಟರಿ ಸವೆಯುವುದು ಮುಖ್ಯವಾಗಿ ಈ ಆವರ್ತಗಳ ಲೆಕ್ಕದಲ್ಲಿ, ಜೊತೆಗೆ ಬಿಸಿಯಲ್ಲಿ. ಹಳೆಯ ಬ್ಯಾಟರಿ ಹೆಚ್ಚು ವರ್ಷ ಬಾಳಿದ್ದು ಒಳಗಿನ ರಸಾಯನ ಉತ್ತಮವಾಗಿದ್ದುದರಿಂದಲ್ಲ, ಅದಕ್ಕೆ ಕೆಲಸ ಕಡಿಮೆ ಇದ್ದುದರಿಂದ. ಗಡಿಯ ಊರುಗಳಲ್ಲಿ ಒಂದು ತೊಡಕಂತೂ ಇತ್ತು: ಟವರು ದೂರವಾದಷ್ಟೂ ಮಾತಾಡುವಾಗ ಫೋನು ತನ್ನ ಪ್ರಸಾರಶಕ್ತಿಯನ್ನು 2 ವಾಟ್‌ವರೆಗೂ ಏರಿಸಬೇಕಿತ್ತು, ನದಿಯಾಚೆಯ ಟವರು ಬಲವಾಗಿದ್ದರೆ ಫೋನು ಕರ್ನಾಟಕದ ವಲಯಕ್ಕೆ ಹಾರಿ ರೋಮಿಂಗಿಗೆ ಬೀಳುತ್ತಿತ್ತು. ಆಗ ಬ್ಯಾಟರಿಗಿಂತ ಮೊದಲು ಕರೆನ್ಸಿ ಖಾಲಿಯಾಗುತ್ತಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದು. ಉಳಿದ ಫೋನುಗಳನ್ನಷ್ಟೇ ನಾವು ಕಪಾಟಿನಿಂದ ತೆಗೆದು ತೋರಿಸುತ್ತೇವೆ. ಸತ್ತವು ಎಂದೋ ಗುಜರಿಗೆ ಹೋಗಿವೆ. ನಿಜ. ಆ ಫೋನುಗಳಿಗೆ ನೀರೆಂದರೆ ಪ್ರಾಣಸಂಕಟ: ಮಳೆಗೆ, ಅಂಗಿಜೇಬಿನ ಬೆವರಿಗೆ, ನೀರಿನ ತೊಟ್ಟಿಗೆ ಬಲಿಯಾದವು ಅಸಂಖ್ಯ. 2007ರ ಆಗಸ್ಟ್‌ನಲ್ಲಿ, ಚಾರ್ಜಿನ ವೇಳೆ ವಿಪರೀತ ಬಿಸಿಯಾಗುವ ಸಾಧ್ಯತೆಯಿದ್ದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳನ್ನು ಬದಲಿಸಿಕೊಡುವುದಾಗಿ ನೋಕಿಯಾ ಘೋಷಿಸಿತು. ದೋಷವಿಲ್ಲದ ಸುವರ್ಣಯುಗ ಅದಾಗಿರಲಿಲ್ಲ. ಹಾಗಾಗಿಯೇ ಈ ವಾದಕ್ಕೆ ನೆನಪುಗಳನ್ನು ಸಾಕ್ಷಿಯಾಗಿ ಕರೆದಿಲ್ಲ. ತೂಕ, ಗಾಜಿನ ಅಗಲ, ಕೊಕ್ಕೆ, ಚಾರ್ಜಿನ ಆವರ್ತ ಇವನ್ನು ಕರೆದಿದೆ. ಇವು ಉಳಿದ ಫೋನಿನಲ್ಲೂ ಸತ್ತ ಫೋನಿನಲ್ಲೂ ಒಂದೇ. ಆ ಬ್ಯಾಟರಿ ಪ್ರಕರಣವನ್ನೇ ತಿರುಗಿಸಿ ನೋಡಿ: ಬೆನ್ನು ಬಿಚ್ಚಿ ಮೇಲಿನ ಸಂಖ್ಯೆ ಓದಿ ಬ್ಯಾಟರಿಯೊಂದನ್ನೇ ಬದಲಿಸಿಕೊಂಡರಾಯಿತು, ಫೋನು ಮಾಲೀಕರ ಕೈಯಲ್ಲೇ ಉಳಿಯಿತು.

ನೀರು ತಡೆಯಬೇಕಾದರೆ ಅಂಟು ಹಾಕಿ ಮುಚ್ಚಲೇಬೇಕು, ತೆಳ್ಳಗಾಗಬೇಕಾದರೆ ಬಿಚ್ಚುವ ಬೆನ್ನು ಸಾಧ್ಯವಿಲ್ಲ ಎಂಬುದು ಎರಡನೆಯ ಆಕ್ಷೇಪ. ತಯಾರಕರು ಸಾಮಾನ್ಯವಾಗಿ ಇದನ್ನೇ ಹೇಳುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಅಂಟಿನ ಮುಚ್ಚಿಗೆಯಿಂದ ನೀರು ತಡೆಯುವುದು ಸುಲಭ, ಅಗ್ಗ. ಆದರೆ ಅನಿವಾರ್ಯವಲ್ಲ. 2014ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5ರ ಬೆನ್ನನ್ನು ಉಗುರಿನಿಂದ ಎಬ್ಬಿಸಿ ಬ್ಯಾಟರಿ ತೆಗೆಯಬಹುದಿತ್ತು. ಮುಚ್ಚಳದ ಒಳಗೆ ರಬ್ಬರ್ ಸೀಲ್ ಇದ್ದುದರಿಂದ ಐಪಿ67 ದರ್ಜೆಯ ನೀರಿನ ತಡೆಯೂ ಇತ್ತು. ಒಮ್ಮೆ ಸಾಧ್ಯವಾದದ್ದನ್ನು ಅಸಾಧ್ಯವೆಂದು ಒಪ್ಪಲಾಗದು. ಈಗಿನ ಫೋನು ಕ್ಯಾಮೆರಾ, ನಕ್ಷೆ, ಬ್ಯಾಂಕು ಎಲ್ಲವೂ ಆಗಿರುವಾಗ ಹೋಲಿಕೆಯೇ ತಪ್ಪು ಎನ್ನುವವರೂ ಇದ್ದಾರೆ. ಕೆಲಸ ಹೆಚ್ಚಿದಷ್ಟೂ ಕೆಡುವ ಭಾಗಗಳು ಹೆಚ್ಚುತ್ತವೆ, ಒಪ್ಪಿದೆ. ಬೆಳೆಯ ದರ, ಪಿಂಚಣಿ, ಮಗುವಿನ ಪಾಠ ಎಲ್ಲವೂ ಒಂದೇ ಯಂತ್ರದಲ್ಲಿದ್ದರೆ, ಅದು ಒಡೆದ ದಿನ ಮನೆಗೆ ಆಗುವ ನಷ್ಟವೂ ಅಷ್ಟೇ ದೊಡ್ಡದು. ಬಿಚ್ಚಿ ರಿಪೇರಿ ಮಾಡುವ ಸೌಲಭ್ಯ ಇಂಥ ಫೋನಿಗೆ ಹಳೆಯದಕ್ಕಿಂತ ಹೆಚ್ಚು ಬೇಕು.

ಮೈ ಗಟ್ಟಿಯಿದ್ದ ಮಾತ್ರಕ್ಕೆ ಫೋನು ಬದುಕುವುದಿಲ್ಲ ಎಂಬುದಕ್ಕೆ ಸಿಡಿಎಂಎ ಸೆಟ್ಟುಗಳು ಸಾಕ್ಷಿ. 2002ರ ಡಿಸೆಂಬರಿನಲ್ಲಿ ರಿಲಯನ್ಸ್ ತನ್ನ ಅಗ್ಗದ ಸೇವೆ ಶುರುಮಾಡಿ ಹಳ್ಳಿಹಳ್ಳಿಗೆ ತಂದ ಫೋನುಗಳು ಒಂದೇ ಜಾಲಕ್ಕೆ ಕಟ್ಟುಬಿದ್ದಿದ್ದವು. ಆ ಜಾಲ ನಿಂತಾಗ ಒಂದು ಗೀರೂ ಇಲ್ಲದ ಸೆಟ್ಟುಗಳು ಏಕಕಾಲಕ್ಕೆ ಸತ್ತವು. 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೋಗೆ 2ಜಿ ಇಲ್ಲವೇ ಇಲ್ಲ, ಹಾಗಾಗಿ 1100ಕ್ಕೆ ಆ ಸಿಮ್ ಹಾಕಿದರೆ ಸಿಗ್ನಲ್ ಬಾರದು. ಬೇರೆ ಕಂಪನಿಗಳ 2ಜಿ ಇರುವವರೆಗೆ ಮಾತ್ರ ಆ ಫೋನಿಗೆ ಆಯುಷ್ಯ. ಬಾಳಿಕೆಯಲ್ಲಿ ಪ್ಲಾಸ್ಟಿಕ್ಕಿನ ಪಾಲು ಇದ್ದಂತೆ ಟವರಿನ ಪಾಲೂ ಇದೆ, ಸಾಫ್ಟ್‌ವೇರಿನ ಪಾಲೂ ಇದೆ. ಇವೆರಡೂ ಗ್ರಾಹಕನ ಕೈಯಲ್ಲಿಲ್ಲದ್ದರಿಂದ ಇಲ್ಲಿ ನಿಯಮ ಬೇಕಾಗುತ್ತದೆ.

ಯೂರೋಪಿನಲ್ಲಿ ನಿಯಮ ಬಂದಿದೆ. 2025ರ ಜೂನ್ 20ರಿಂದ ಅಲ್ಲಿನ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನುಗಳು ಬೀಳುವ ಪರೀಕ್ಷೆಯನ್ನು ತಾಳಬೇಕು, 800 ಚಾರ್ಜ್ ಆವರ್ತಗಳ ಬಳಿಕವೂ ಬ್ಯಾಟರಿಯಲ್ಲಿ ಶೇ. 80 ಧಾರಣೆ ಉಳಿದಿರಬೇಕು, ಮಾರಾಟ ನಿಂತ ಮೇಲೆ ಏಳು ವರ್ಷ ಬಿಡಿಭಾಗ ಸಿಗುತ್ತಿರಬೇಕು. 2027ರ ಫೆಬ್ರವರಿ 18ರಿಂದ, ಕೆಲವು ವಿನಾಯಿತಿಗಳ ಹೊರತು, ಬಳಸುವವರೇ ಬ್ಯಾಟರಿ ತೆಗೆದು ಹಾಕುವಂತಿರಬೇಕು. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಪೋರ್ಟಲ್ ಮಾಹಿತಿ ಕೊಡುತ್ತದೆ, ಅಂಟನ್ನು ಬಿಡಿಸುವುದಿಲ್ಲ. ಯೂರೋಪಿಗಾಗಿ ಬಿಚ್ಚುವ ಬೆನ್ನು ವಿನ್ಯಾಸ ಮಾಡಿದ ಕಂಪನಿ ಅದನ್ನು ಆದೋನಿಯ ಅಂಗಡಿಗೂ ಕಳಿಸುವಂತೆ ಮಾಡಲು ಇಲ್ಲಿನ ಸರಕಾರ ಹೊಸ ತಂತ್ರಜ್ಞಾನ ಕಂಡುಹಿಡಿಯಬೇಕಿಲ್ಲ. ಬ್ಯಾಟರಿ ತೆಗೆಯುವಂತಿರಲಿ, ಬಿಡಿಭಾಗ ಇಷ್ಟು ವರ್ಷ ಸಿಗಲಿ, ಸಾಫ್ಟ್‌ವೇರ್ ಇಷ್ಟು ವರ್ಷ ಬರಲಿ ಎಂಬ ಮೂರು ಷರತ್ತುಗಳನ್ನು ಕಾನೂನಿನಲ್ಲಿ ಬರೆದರೆ ಸಾಕು.